ಹಸಿರು ಗುಂಡಿಯ ಹನ್ನೊಂದು ಸುಳ್ಳು

ನಾನು ಒಂದು ಗುಂಡಿ. ಅಂಗಿಗೆ ಹೊಲಿಯುವ ಗುಂಡಿಯಲ್ಲ, ಗೋಡೆಯ ಮೇಲಿನ ಫ್ಯಾನಿನ ಗುಂಡಿಯೂ ಅಲ್ಲ. ಮೊಬೈಲಿನ ಗಾಜಿನೊಳಗೆ ಬರಿಯ ಬಣ್ಣವಾಗಿ ಕುಳಿತಿರುವ ಗುಂಡಿ. ತೂಕವಿಲ್ಲ, ದಪ್ಪವಿಲ್ಲ. ಬೆರಳು ತಾಗಿದಾಗ ಮಾತ್ರ ಜೀವ. ಒಂದೇ ಹೊತ್ತಿಗೆ ನೂರಾರು ಫೋನುಗಳಲ್ಲಿ ಇರಬಲ್ಲೆ, ಹಾಗಾಗಿ ನೋಡಬಾರದ್ದನ್ನೂ ನೋಡಿದ್ದೇನೆ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಂಸ್ಥೆಯ ಕಚೇರಿಯಲ್ಲಿ, ತಸ್ಮಿಯಾ ಎಂಬ ಡಿಸೈನರ್ ಹುಡುಗಿಯ ಕಂಪ್ಯೂಟರಿನ ಮೇಲೆ. ಬಸುರಿ ಹೆಣ್ಣುಮಕ್ಕಳಿಗಾಗಿ ‘ತೊಟ್ಟಿಲು’ ಎಂಬ ಆ್ಯಪ್ ಮಾಡುತ್ತಿದ್ದರು. ನೋವು ಶುರುವಾದರೆ ನನ್ನನ್ನು ಒತ್ತಬೇಕು. ಒತ್ತಿದ ಕೂಡಲೇ ಆರೋಗ್ಯ ಕೇಂದ್ರದ ಗಾಡಿಯ ಚಾಲಕನ ಫೋನೂ ಊರಿನ ಆಶಾ ಕಾರ್ಯಕರ್ತೆಯ ಫೋನೂ ಜೋರಾಗಿ ಬಡಿದುಕೊಳ್ಳುತ್ತವೆ, ಗಾಡಿ ಹೊರಡುತ್ತದೆ. ನನ್ನ ಕೆಲಸ ಇಷ್ಟೇ. ಇಷ್ಟೇ ಎಂದು ಈಗ ಹೇಳುವಾಗಲೂ ನನಗೆ ಹೆಮ್ಮೆಯಾಗುತ್ತದೆ.

ಹುಟ್ಟುವಾಗ ನಾನು ಕೆಂಪಗಿದ್ದೆ. ಅಪಾಯವೆಂದರೆ ಕೆಂಪು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ ಎಂದು ತಸ್ಮಿಯಾಳೂ ತಿಳಿದಿದ್ದಳು. ನನ್ನನ್ನು ಫೋನಿನಲ್ಲಿ ಹಾಕಿಕೊಂಡು ಕೊಪ್ಪಳದ ಕಡೆಯ ಗುಡ್ಡದಹಾಳಕ್ಕೆ ಹೋದಳು. ಅಂಗನವಾಡಿಯ ಚಾಪೆಯ ಮೇಲೆ ಹನ್ನೆರಡು ಬಸುರಿಯರು ಕುಳಿತಿದ್ದರು. ಒಬ್ಬೊಬ್ಬರ ಕೈಗೂ ಫೋನ್ ಕೊಟ್ಟು, ಈಗ ನೋವು ಬಂದಿದೆ ಅಂದುಕೊಳ್ಳಿ, ಏನು ಒತ್ತುತ್ತೀರಿ ಎಂದು ಕೇಳಿದಳು. ಬೆರಳುಗಳು ನನ್ನ ಹತ್ತಿರ ಬಂದವು, ಬಂದಂತೆಯೇ ಹಿಂದಕ್ಕೆ ಹೋದವು. ಹನ್ನೆರಡರಲ್ಲಿ ಒಂದೂ ನನ್ನನ್ನು ಮುಟ್ಟಲಿಲ್ಲ. ಹುಟ್ಟಿದ ವಾರಕ್ಕೇ ಇಂಥ ಅವಮಾನ ಯಾವ ಗುಂಡಿಗೂ ಬೇಡ.

ತಸ್ಮಿಯಾ ತಲೆ ಕೆರೆದುಕೊಂಡಳು. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ಹುಲಿಗೆಮ್ಮ ಬಾಯಿಬಿಟ್ಟಳು.

“ಮೇಡಂ, ಕೆಂಪು ಒತ್ತಿದ್ರ ಫೋನ್ ಕಟ್ ಆಕ್ಕೈತ್ರಿ. ಹಸಿರು ಒತ್ತಿದ್ರ ಹತ್ತತೈತಿ. ನಮ್ಮವರಿಗೆ ಫೋನ್ ಅಂದ್ರ ಗೊತ್ತಿರೋದು ಅಷ್ಟ.”

ತಸ್ಮಿಯಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ವಾಪಸು ಬರುವ ಬಸ್ಸಿನಲ್ಲೇ ನನಗೆ ಹಸಿರು ಬಳಿದಳು. ಕುಬುಸದ ದಿನ ಬಸುರಿಗೆ ತೊಡಿಸುವ ಬಳೆಗಳ ಹಸಿರು ಅದು, ಅಂಗನವಾಡಿಯಲ್ಲಿ ಆ ಹೆಣ್ಣುಮಕ್ಕಳ ಕೈಯಲ್ಲೇ ಅವಳು ಕಂಡದ್ದು. ನನ್ನನ್ನು ಹೆಬ್ಬೆರಳಿಗೆ ಸುಲಭವಾಗಿ ಸಿಗುವಂತೆ ಪರದೆಯ ಕೆಳಗೆ ನಡುಮಧ್ಯೆ ಕೂರಿಸಿದಳು. ಬಿಸಿಲಿನಲ್ಲೂ ಕಾಣಲೆಂದು ಅಂಗೈಯಷ್ಟು ಅಗಲ ಮಾಡಿದಳು. ‘ನೋವು ಬಂದಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಓದು ಬಾರದವರಿಗೂ ಸುದ್ದಿ ಮುಟ್ಟಿತೆಂದು ತಿಳಿಯಬೇಕಲ್ಲ, ಅದಕ್ಕೆ ಒತ್ತಿದಾಗ ಫೋನು ಎರಡು ಸಲ ಗುರ್ ಗುರ್ ಎನ್ನುವಂತೆ ಮಾಡಿದಳು. ಹುಲಿಗೆಮ್ಮ ಅದನ್ನೇ ಪಾಠ ಮಾಡಿ ಮನೆಮನೆಗೆ ಹೇಳಿಕೊಟ್ಟಳು: ಕೆಳಗ, ಹಸಿರು, ಹೆಬ್ಬೆರಳು. ಗುರ್ ಅಂತಂದ್ರ ಗಾಡಿ ಹೊಂಟೈತಿ ಅಂತ ತಿಳೀರಿ. ಬೇರೆ ನಂಬರು ನೆನಪಿಡಬೇಕಾಗಿಲ್ಲ.

ಎರಡು ವರ್ಷ ನಾನು ಬಾಳಿದ್ದು ಹಾಗೆ. ಹತ್ತಿ ಬಿಡಿಸುವಾಗ ನೋವು ಬಂದವಳು ಹೊಲದ ಬದುವಿನಲ್ಲಿ ಕುಳಿತು ನನ್ನನ್ನು ಒತ್ತಿದಳು. ಬೆವರಿದ ಬೆರಳು, ಮಣ್ಣಿನ ಬೆರಳು, ಬೊಬ್ಬೆ ಎದ್ದ ಬೆರಳು ಎಲ್ಲವನ್ನೂ ಬಲ್ಲೆ. ಗುಡ್ಡದಹಾಳದಲ್ಲಿ ಆ ಎರಡು ವರ್ಷ ಹೆರಿಗೆಯಲ್ಲಿ ಯಾರೂ ಸಾಯಲಿಲ್ಲ. ಅದೆಲ್ಲ ನನ್ನಿಂದಲೇ ಎನ್ನುವಷ್ಟು ಸೊಕ್ಕು ನನಗಿಲ್ಲ, ಆದರೆ ಸ್ವಲ್ಪ ಇತ್ತು.

ಆಮೇಲೆ ತಸ್ಮಿಯಾಳ ಒಪ್ಪಂದ ಮುಗಿಯಿತು. ಹೋಗುವ ದಿನ ನನ್ನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದಳು: ‘ದಯವಿಟ್ಟು ಇದರ ಬಣ್ಣ, ಜಾಗ ಬದಲಿಸಬೇಡಿ. ಕಾರಣ ಬೇಕಿದ್ದರೆ ನನಗೆ ಫೋನ್ ಮಾಡಿ.’ ನಿಜವಾದ ಕಾಗದವಲ್ಲ, ಕಂಪ್ಯೂಟರಿನ ಚೀಟಿ. ಹೊಸ ಫೈಲು ಮಾಡಿದಾಗ ಅಂಥ ಚೀಟಿಗಳು ಹಳೆಯದರಲ್ಲೇ ಉಳಿದುಬಿಡುತ್ತವೆ. ಇದೂ ಉಳಿಯಿತು.

ಅವಳ ಜಾಗಕ್ಕೆ ಬಂದವನು ಸುಹಾಸ್. ಅವನನ್ನು ಬಯ್ಯಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಬಯ್ಯಲಾಗುವುದಿಲ್ಲ. ಕೆಟ್ಟವನಲ್ಲ. ಮಧ್ಯಾಹ್ನದ ಊಟ ಬಿಟ್ಟು ಕೆಲಸ ಮಾಡುವವನು. ನನ್ನನ್ನು ಮೊದಲ ಸಲ ನೋಡಿದಾಗ ಮಾತ್ರ ನಕ್ಕ. ಇದೇನಿದು, ಬಸ್ ನಿಲ್ದಾಣದ ಬೋರ್ಡಿನ ಹಾಗಿದೆ ಎಂದ. ಆಗಿನ ಫ್ಯಾಷನ್ನು ಬಿಳಿ. ಪರದೆಯ ತುಂಬ ಖಾಲಿ ಜಾಗ, ತೆಳು ಗೆರೆಗಳು, ಅಕ್ಷರದ ಬದಲು ಚಿತ್ರ, ಇದ್ದ ಅಕ್ಷರವೂ ತಿಳಿಬೂದಿ. ಕಚೇರಿಯವರೆಲ್ಲ ಅದನ್ನು ‘ನೀಟಾಗಿದೆ’ ಎನ್ನುತ್ತಿದ್ದರು.

ಅದೇ ಸಮಯಕ್ಕೆ ಮೇಲಿನವರಿಗೆ ದಿನದಿನದ ಲೆಕ್ಕ ಬೇಕಾಯಿತು. ಪ್ರತಿಯೊಬ್ಬ ಬಸುರಿಯೂ ದಿನಕ್ಕೊಮ್ಮೆ ‘ಕ್ಷೇಮವಾಗಿದ್ದೇನೆ’ ಎಂದು ತಿಳಿಸಬೇಕು ಎಂದರು. ಸುಹಾಸ್ ಓದಿದವನಂತೆಯೇ ಯೋಚಿಸಿದ. ದಿನಾ ಬಳಸುವ ಗುಂಡಿ ಹೆಬ್ಬೆರಳಿಗೆ ಸಿಗಬೇಕು. ಅಪರೂಪಕ್ಕೆ ಬಳಸುವುದನ್ನು, ತಪ್ಪಿ ಬೆರಳು ತಾಗದಂತೆ, ಮೇಲೆ ಮೂಲೆಯಲ್ಲಿ ಇಡಬೇಕು. ಅಪಾಯಕ್ಕೆ ಕೆಂಪು, ಕ್ಷೇಮಕ್ಕೆ ಹಸಿರು. ಒಂದೊಂದು ಮಾತೂ ಸರಿ. ಹೀಗೆ ಸರಿಯಾದ ಮಾತುಗಳಿಂದಲೇ ನನ್ನ ಕೆಲಸ ಹೋಯಿತು.

ನನ್ನನ್ನು ಅಳಿಸಿದ್ದರೆ ಚೆನ್ನಾಗಿತ್ತು. ಅಳಿಸಲಿಲ್ಲ. ಅದೇ ಜಾಗ, ಅದೇ ಹಸಿರು, ಅದೇ ಗುರ್ ಗುರ್. ಮೇಲಿನ ಅಕ್ಷರ ಒರೆಸಿ ಒಂದು ಸರಿ ಗುರುತು ಹಾಕಿದ, ಅಷ್ಟೇ. ಇನ್ನು ಮುಂದೆ ನನ್ನನ್ನು ಒತ್ತಿದರೆ ಯಾರ ಫೋನೂ ಬಡಿದುಕೊಳ್ಳುವುದಿಲ್ಲ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಸದ್ದಿಲ್ಲದೆ ‘ಕ್ಷೇಮ’ ಎಂದು ಬೀಳುತ್ತದೆ. ಗಾಡಿ ಕರೆಯುವ ಕೆಲಸ ಮೂಲೆಯ ಪುಟ್ಟ ಕೆಂಪು ಗಂಟೆಗೆ ಹೋಯಿತು.

ಪರೀಕ್ಷೆ ಮಾಡದೆ ಬಿಟ್ಟರು ಎನ್ನಬೇಡಿ, ಮಾಡಿದರು. ಕಚೇರಿಯ ಎಂಟು ಜನರ ಕೈಗೆ ಫೋನ್ ಕೊಟ್ಟು, ಕಷ್ಟ ಬಂದರೆ ಯಾವುದು ಒತ್ತುತ್ತೀರಿ ಎಂದು ಕೇಳಿದರು. ಎಂಟೂ ಜನ ಎರಡು ಸೆಕೆಂಡಿನಲ್ಲಿ ಕೆಂಪು ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಎಂಟರಲ್ಲಿ ಬಸುರಿ ಒಬ್ಬಳೂ ಇರಲಿಲ್ಲ, ಗುಡ್ಡದಹಾಳ ಎಲ್ಲಿದೆ ಎಂದು ಬಲ್ಲವರೂ ಇರಲಿಲ್ಲ.

ಅಪ್‌ಡೇಟ್ ತಾನೇ ತಾನಾಗಿ ಎಲ್ಲ ಫೋನುಗಳಿಗೂ ಇಳಿಯಿತು. ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮುಂದಿನ ತಿಂಗಳು ಎಂದು ನಿಗದಿಯಾಗಿತ್ತು.

ಶಿವಗಂಗಾ ಗುಡ್ಡದಹಾಳದ ಸೊಸೆ, ಚೊಚ್ಚಲ ಬಸುರಿ. ಏಳನೆಯ ತರಗತಿ ಓದಿದ್ದಳು. ಗಂಡ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ಹನುಮವ್ವ. ಒಂದು ಬುಧವಾರ ಹನ್ನೊಂದು ಗಂಟೆಗೆ, ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತವಳಿಗೆ ನೋವು ಬಂತು. ನೋವಿನ ಜೊತೆಗೆ ರಕ್ತವೂ ಕಂಡಿತು. ಫೋನ್ ತೆಗೆದು ಪಾಠದಂತೆಯೇ ಮಾಡಿದಳು. ಕೆಳಗೆ, ಹಸಿರು, ಹೆಬ್ಬೆರಳು.

ನಾನು ಗುರ್ ಗುರ್ ಎಂದೆ. ಅನ್ನದೆ ಇರಲು ನನಗೆ ಬರುವುದಿಲ್ಲ. ಪರದೆಯ ಮೇಲೆ ತಿಳಿಬೂದಿ ಅಕ್ಷರದಲ್ಲಿ ‘ಸಂತೋಷ, ಸುಖವಾಗಿರಿ’ ಎಂದು ಮೂಡಿತು. ಅಂಗಳದ ಬಿಸಿಲಿನಲ್ಲಿ ಅದು ಅವಳಿಗೆ ಕಾಣಲಿಲ್ಲ.

ಪಕ್ಕದ ಮನೆಯ ಖಾಜಾಸಾಬನ ಟಂಟಂ ಬಾಗಿಲಲ್ಲೇ ನಿಂತಿತ್ತು. ನರಳುವ ಸದ್ದು ಕೇಳಿ ಬಂದವನು, ಅವ್ವಾ, ಗಾಡಿ ತೆಗೀಲೇನು ಎಂದು ಕೇಳಿದ. ಹನುಮವ್ವ ಬೇಡವೆಂದಳು.

“ದವಾಖಾನಿ ಗಾಡೀನ ಬರಾಕತ್ತೈತೆಪ್ಪ. ಗುಂಡಿ ಒತ್ಯಾಳ, ಗುರ್ ಅಂದೈತಿ. ಅದರಾಗ ನರ್ಸ್ ಇರ್ತಾರ, ನಿನ್ನ ಗಾಡ್ಯಾಗ ಕುಲುಕಾಡಿ ಏನಾರ ಆದ್ರ?”

ಮಾತು ನ್ಯಾಯವಾದದ್ದೇ. ಅವನು ಅರ್ಧ ಗಂಟೆ ಕಾದ, ಆಮೇಲೆ ಬಾಡಿಗೆಗೆ ಹೋದ. ಶಿವಗಂಗಾ ಮತ್ತೆ ಒತ್ತಿದಳು. ಮೂರನೆಯ ಸಲ, ನಾಲ್ಕನೆಯ ಸಲ. ಹನುಮವ್ವ ಹುಲಿಗೆಮ್ಮನಿಗೆ ಎರಡು ಸಲ ಫೋನ್ ಹಚ್ಚಿಸಿದಳು, ಯಾರೂ ಎತ್ತಲಿಲ್ಲ. ಹುಲಿಗೆಮ್ಮ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿದ್ದಳು. ಚಹಾ ಕುಡಿಯುವಾಗ ಪಟ್ಟಿ ನೋಡಿದ್ದಳು, ಶಿವಗಂಗಾಳ ಹೆಸರಿನ ಮುಂದೆ ನಾಲ್ಕು ‘ಕ್ಷೇಮ’. ಅದು ಈಗ ಹಸಿರು ಗುಂಡಿಯಿಂದ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹುಡುಗಿ ಹೊತ್ತು ಹೋಗದೆ ಆಟ ಆಡಾಕತ್ತಾಳ ಎಂದು ಪಕ್ಕದವಳಿಗೆ ತೋರಿಸಿ ನಕ್ಕಿದ್ದಳು. ಮತ್ತೆ ಸಭೆ ಶುರುವಾದಾಗ ಫೋನಿನ ಸದ್ದು ಅಡಗಿಸಿ ಚೀಲದಲ್ಲಿಟ್ಟಿದ್ದಳು.

ಒಂದು ಗಂಟೆಯ ಹೊತ್ತಿಗೆ ಹನುಮವ್ವನ ಕಣ್ಣಿಗೆ ಮೂಲೆಯ ಕೆಂಪು ಬಿತ್ತು. ಮ್ಯಾಲೆ ಇನ್ನೊಂದು ಐತೆಲ್ಲ, ಅದನ್ನಾರ ಒತ್ತಿ ನೋಡು ಎಂದಳು. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಆಸೆಯಿಂದ ನಾನು ಯಾವ ಮಾತನ್ನೂ ಕೇಳಿಲ್ಲ. ಒತ್ತು ತಾಯಿ, ಒತ್ತು ಎಂದೆ. ಗುಂಡಿಗೆ ಬಾಯಿ ಎಲ್ಲಿಂದ ಬರಬೇಕು?

ಶಿವಗಂಗಾ ತಲೆ ಅಲ್ಲಾಡಿಸಿದಳು. “ಬ್ಯಾಡ ಅತ್ತಿ. ಕೆಂಪು ಒತ್ತಿದ್ರ ಕಟ್ ಆಕ್ಕೈತಿ. ಹೊಂಟ ಗಾಡಿನೂ ನಿಂತೀತು.”

ಮತ್ತೆ ನನ್ನನ್ನೇ ಒತ್ತಿದಳು. ಆ ದಿನ ಅವಳು ನನ್ನನ್ನು ಒತ್ತಿದ್ದು ಹನ್ನೊಂದು ಸಲ. ಹನ್ನೊಂದು ಸಲವೂ ನಾನು, ಅವಳು ಕ್ಷೇಮವಾಗಿದ್ದಾಳೆ ಎಂದೆ. ಕೊನೆಯ ಸಲ ಬೆರಳು ತಣ್ಣಗಿತ್ತು.

ಸಭೆ ಮುಗಿದು ಚೀಲ ತೆರೆದಾಗ ಹುಲಿಗೆಮ್ಮ ಫೋನ್ ನೋಡಿದಳು. ಹನ್ನೊಂದು ‘ಕ್ಷೇಮ’ ಕಂಡಳು, ಜೊತೆಗೆ ಎತ್ತದೆ ಬಿಟ್ಟ ಎರಡು ಕರೆ. ಗಾಡಿಯಲ್ಲಿ ತಾನೇ ಕುಳಿತು ಬಂದಳು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು ಬದುಕಿತು. ಶಿವಗಂಗಾ ಆಸ್ಪತ್ರೆಯ ಗೇಟು ಕಾಣುವ ಮೊದಲೇ ಹೋದಳು. ಒಂದು ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದರಂತೆ.

ಹುಬ್ಬಳ್ಳಿಯಲ್ಲಿ ಆ ವಾರದ ವರದಿಯಲ್ಲಿ ಗುಡ್ಡದಹಾಳದ ಗೆರೆ ಎಲ್ಲಕ್ಕಿಂತ ಎತ್ತರಕ್ಕಿತ್ತು. ಒಬ್ಬ ತಾಯಿ ಒಂದೇ ದಿನ ಹನ್ನೊಂದು ಸಲ ಬಳಸಿದ್ದಾಳೆ ಎಂದು ಖುಷಿಪಟ್ಟರು. ನಿಜ ಗೊತ್ತಾದ ಮೇಲೆ, ಆ ಹೆಣ್ಣುಮಕ್ಕಳಿಗೆ ತರಬೇತಿ ಸಾಲದು ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹದಿನಾಲ್ಕನೆಯ ದಿನ ಹುಲಿಗೆಮ್ಮ ಆ ಕಚೇರಿಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಶಿವಗಂಗಾಳ ಫೋನನ್ನು ಮೇಜಿನ ಮೇಲಿಟ್ಟು ಸುಹಾಸನನ್ನು ಕೇಳಿದಳು.

“ಸರ್, ನಿಮ್ಮ ಫೋನಿಗೆ ಯಾರಾರ ಕರೆ ಮಾಡಿದ್ರ ಯಾವ ಬಣ್ಣ ಒತ್ತತೀರಿ?”

ಹಸಿರು ಎಂದ.

“ಕಟ್ ಮಾಡಾಕ?”

ಕೆಂಪು ಎಂದವನು ಮೇಜಿನ ಮೇಲಿನ ಫೋನಿನತ್ತ ನೋಡಿದ.

“ಆಕೀನೂ ಅಷ್ಟ ಮಾಡಿದ್ಲು, ಸರ್. ಕಟ್ ಆಗಬಾರದು ಅಂತ ಹಸಿರು ಒತ್ತಿದ್ಲು.” ಫೋನನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದಳು: “ನಾನ ಕಲಿಸಿದ್ದೆ.”

ಸುಹಾಸ್ ಅಂದು ಹಳೆಯ ಫೈಲು ಹುಡುಕಿ ತಸ್ಮಿಯಾಳ ಚೀಟಿ ಓದಿದ. ಫೋನ್ ಮಾಡಿದನೋ ಇಲ್ಲವೋ ತಿಳಿಯದು. ವಾರದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿದರು, ಆರು ತಿಂಗಳಿಗೆ ಯೋಜನೆಯೇ ಮುಗಿಯಿತು, ಆ್ಯಪ್ ಮುಚ್ಚಿತು. ಎಲ್ಲ ಫೋನುಗಳಿಂದಲೂ ನಾನು ಅಳಿದೆ.

ಒಂದರಲ್ಲಿ ಮಾತ್ರ ಉಳಿದಿದ್ದೇನೆ. ಶಿವಗಂಗಾ ಹೋದ ಮೇಲೆ ಅವಳ ಫೋನಿನ ಸಿಮ್ ತೆಗೆದಿದ್ದರು, ಹಾಗಾಗಿ ಯಾವ ಅಪ್‌ಡೇಟೂ ಇಳಿಯಲಿಲ್ಲ. ಅದು ಹನುಮವ್ವನ ಟ್ರಂಕಿನಲ್ಲಿ, ಕುಬುಸದ ಹಸಿರು ಬಳೆಗಳ ಪಕ್ಕದಲ್ಲಿ ಇರುತ್ತದೆ. ಶಿವಗಂಗಾಳ ನಗುವ ಫೋಟೋ ಅದರಲ್ಲೇ ಇರುವುದರಿಂದ ಮುದುಕಿ ಆಗಾಗ ಚಾರ್ಜ್ ಹಾಕುತ್ತಾಳೆ. ಎರಡು ವರ್ಷದ ಮೊಮ್ಮಗಳು ತಾಯಿಯ ಫೋಟೋ ನೋಡಿ ಮುಗಿಸಿ, ಪರದೆಯನ್ನೆಲ್ಲ ತಡಕಾಡಿ, ಕೊನೆಗೆ ನನ್ನ ಹತ್ತಿರ ಬರುತ್ತಾಳೆ. ಅಂಗೈಯಷ್ಟಿರುವ ನಾನು ಯಾವ ಮಗುವಿನ ಬೆರಳಿಗೂ ತಪ್ಪುವುದಿಲ್ಲ. ಒತ್ತುತ್ತಾಳೆ. ನಾನು ಗುರ್ ಗುರ್ ಎನ್ನುತ್ತೇನೆ. ಅವಳು ಕೇಕೆ ಹಾಕಿ ನಗುತ್ತಾಳೆ.

ಮಗು ಕ್ಷೇಮವಾಗಿದೆ ಎಂದು ನಾನು ಹೇಳುತ್ತೇನೆ. ಈಗ ಹೇಳುವುದು ನಿಜ. ಆದರೆ ಆ ಕಡೆ ಕೇಳುವವರು ಯಾರೂ ಇಲ್ಲ. ‘ಕಳುಹಿಸಲಾಗುತ್ತಿದೆ’ ಎಂಬ ಪುಟ್ಟ ಚಕ್ರ ತಿರುಗುತ್ತಲೇ ಇರುತ್ತದೆ. ಸುಳ್ಳು ಹೇಳಿದಾಗ ಹನ್ನೊಂದು ಸಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿತ್ತು.