ಕೆಂಪು ಚೀಲ ಸೇರಿದ ಕಾಲು

ಅರ್ವೋ ಲೆಹ್ಟಿನೆನ್ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಎಡಗಾಲು ಕಾಣೆಯಾಗಿತ್ತು. ಹುಟ್ಟುವಾಗ ಬಂದ ಕಾಲಲ್ಲ. ಅದನ್ನು ಮಿನೆಸೋಟಾದ ಕಬ್ಬಿಣದ ಗಣಿ ಮೂವತ್ತು ವರ್ಷದ ಹಿಂದೆಯೇ ನುಂಗಿ ನೀರು ಕುಡಿದಿತ್ತು. ಇದು ಅಲ್ಯುಮಿನಿಯಂ ಕೊಳವೆಯ, ಪ್ಲಾಸ್ಟಿಕ್ ಪಾದದ ಕಾಲು. ನೀರು ತಾಗದಿರಲಿ ಎಂದು ನರ್ಸ್ ಟ್ರೂಡಿ ಅದನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬಾಗಿಲ ಬಳಿ ಇಟ್ಟಿದ್ದಳು. ಅವಸರದಲ್ಲಿ ಕೈಗೆ ಸಿಕ್ಕಿದ್ದು ಕೆಂಪು ಚೀಲ. ಆಸ್ಪತ್ರೆಯಲ್ಲಿ ಕೆಂಪು ಚೀಲವೆಂದರೆ ರಕ್ತ, ಕೀವು, ಕತ್ತರಿಸಿದ ಅಂಗ. ಕಸ ಒಯ್ಯುವವನು ಎತ್ತಿದ, ಪಾದದ ಆಕಾರ ಕೈಗೆ ತಾಗಿತು, ಬೆಚ್ಚಿಬಿದ್ದು ನೆಲಮಾಳಿಗೆಗೆ ಓಡಿದ. 'ಮನುಷ್ಯನ ಕಾಲು, ಎಡ, ಒಂದು' ಎಂದು ಚೀಟಿಯನ್ನೂ ಅಂಟಿಸಿದ.

ನೆಲಮಾಳಿಗೆಯ ಕಸದ ಕೋಣೆ ಮಾರ್ಲಿಸ್ ಹಾಲ್ವರ್ಸನ್‌ಳ ರಾಜ್ಯ. ಅಲ್ಲಿ ಒಂದೇ ಕಾನೂನು: ಕಟ್ಟಿದ ಕೆಂಪು ಚೀಲವನ್ನು ಯಾರೂ ಬಿಚ್ಚಬಾರದು. ಎಂಟು ವರ್ಷದ ಹಿಂದೆ ಯಾರದೋ ಮದುವೆಯುಂಗುರ ಹುಡುಕಲು ಅವಳು ಚೀಲದೊಳಗೆ ಕೈಹಾಕಿದ್ದಳು. ಯಾರೋ ಎಸೆದ ಸೂಜಿ ಚುಚ್ಚಿತು. ಆರು ತಿಂಗಳು ರಕ್ತ ಪರೀಕ್ಷೆ, ಆರು ತಿಂಗಳು ನಿದ್ದೆಯಿಲ್ಲ. ರೋಗವೇನೂ ಬರಲಿಲ್ಲ, ಕಾನೂನು ಬಂತು.

"ತಾಯಿ, ಅದು ನನ್ನ ಕಾಲು," ಎಂದ ಅರ್ವೋ, ಗಾಲಿಕುರ್ಚಿಯಲ್ಲಿ ಬಂದು.

"ಹೌದು, ಚೀಟೀಲೂ ಕಾಲು ಅಂತಲೇ ಇದೆ."

"ಅಲ್ಯುಮಿನಿಯಂ ಕಣಮ್ಮ!"

"ಕೆಂಪು ಚೀಲಕ್ಕೆ ಬಿದ್ದ ಮೇಲೆ ಬಂಗಾರ ಆದ್ರೂ ಕಸವೇ. ಮೂರು ಗಂಟೆಗೆ ಲಾರಿ ಬರುತ್ತೆ. ಸುಡೋಕೆ ಹೋಗುತ್ತೆ."

"ನಾಡಿದ್ದು ಮೊಮ್ಮಗಳ ಮದುವೆ. ಅವಳಿಗೆ ಅಪ್ಪ ಇಲ್ಲ. ಮೊದಲನೇ ಪೋಲ್ಕಾ ಡ್ಯಾನ್ಸು ಅವಳ ಜೊತೆ ನಾನೇ ಕುಣೀಬೇಕು. ಹೊಸ ಕಾಲಿಗೆ ಆರು ವಾರ ಅಂತೆ. ಅಲ್ಲೀತನಕ ಕುಂಟಾಬಿಲ್ಲೆ ಆಡ್ಲಾ?"

ಮಾರ್ಲಿಸ್ ಚೀಲದತ್ತ ಒಂದು ಹೆಜ್ಜೆ ಇಟ್ಟಳು. ಆದರೆ ಕೈ ಮುಂದೆ ಬರಲಿಲ್ಲ. ಹಿರಿಯ ವೈದ್ಯ ಪ್ರೆಸ್ಕಾಟ್‌ನನ್ನು ಕರೆಸಿದಳು. ಆತ ಚೀಟಿ ಓದಿ, ಕನ್ನಡಕ ಒರೆಸಿ, ಮತ್ತೆ ಓದಿದ.

"ಇವತ್ತು ಇಲ್ಲೊಂದು ಕಾಲು ತೆಗೆದಿದೀವಿ ಅಂತಾಯ್ತು. ಆಪರೇಷನ್ ಎಲ್ಲಿ? ಮೇಲಿನೋರು ಕೇಳಿದ್ರೆ ಏನು ಹೇಳ್ಲಿ? ಚೀಟಿ ಹರಿಯೋ ಹಾಗಿಲ್ಲ. ಒಂದು ಆಪರೇಷನ್ ಮಾಡಿಬಿಟ್ರೆ ಕಾಗದಪತ್ರ ಸರಿಹೋಗುತ್ತೆ."

"ಯಾವುದರ ಮೇಲೆ?" ಎಂದ ಅರ್ವೋ.

ವೈದ್ಯ ಅವನ ಬಲಗಾಲನ್ನು ನೋಡಿದ, ಕೊಂಚ ಹೊತ್ತು ಹೆಚ್ಚಾಗಿಯೇ ನೋಡಿದ.

"ಇರೋದೊಂದರ ಮೇಲೂ ಕಣ್ಣು ಹಾಕಿದ್ಯೇನಯ್ಯ!" ಅರ್ವೋ ಕುರ್ಚಿಯನ್ನು ಸರ‍್ರನೆ ಹಿಂದಕ್ಕೆ ತಳ್ಳಿಕೊಂಡ. ಅವನ ಹಿಂದೆಯೇ ಬಂದಿದ್ದ ಟ್ರೂಡಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಅವಳಿಂದ ಅಳುವ ಕೆಲಸವೊಂದಾದರೂ ಸರಿಯಾಗಿ ನಡೆಯಿತು.

ಮೂರಕ್ಕೆ ಸರಿಯಾಗಿ ಲಾರಿಯ ಡುವೇನ್ ಬಂದ. ಅವನ ಕೈಯಲ್ಲಿ ಅವನದೇ ಒಂದು ಪಟ್ಟಿ.

"ಮಾರ್ಲಿಸ್, ಇಲ್ಲಿ ಸಹಿ ಹಾಕು. ಒಳಗೆ ಲೋಹ ಏನೂ ಇಲ್ಲ ತಾನೇ? ಹೋದ ತಿಂಗಳು ಲೋಹ ಬಿದ್ದು, ಕಸ ಸುಡೋ ಕುಲುಮೆ ಕೆಟ್ಟು ರಾಮಾಯಣ ಆಗಿತ್ತು."

ಅವಳು ಪೆನ್ನು ಎತ್ತಿದಳು. ಎಂಟು ವರ್ಷದಲ್ಲಿ ಒಂದೂ ಸುಳ್ಳು ಸಹಿ ಹಾಕಿದವಳಲ್ಲ. ಈಗ ಹಾಕಿದರೆ ಚೀಲ ಬಿಚ್ಚುವ ಪೀಡೆ ತಪ್ಪುತ್ತಿತ್ತು. ಮುದುಕ ಖಾಲಿ ಪ್ಯಾಂಟಿನ ಕಾಲನ್ನು ಮಡಚಿ ಮಡಚಿ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಇದೆ," ಎಂದಳು.

"ಹಾಗಾದ್ರೆ ನಾನು ಒಯ್ಯಲ್ಲ. ನೀವೇ ಬಿಚ್ಚಿ, ಬೇರೆ ಮಾಡಿ."

ಡುವೇನ್ ಉಳಿದ ಡಬ್ಬಗಳನ್ನು ಹೇರಿಕೊಂಡು ಹೊರಟುಹೋದ. ವೈದ್ಯ ತಟ್ಟನೆ ಯಾವುದೋ ರೋಗಿಯನ್ನು ನೆನಪಿಸಿಕೊಂಡು ಜಾಗ ಖಾಲಿ ಮಾಡಿದ. ಮಾರ್ಲಿಸ್ ಎಲ್ಲರನ್ನೂ ಹೊರಗಟ್ಟಿ ಗಾಜಿನ ಬಾಗಿಲು ಹಾಕಿಕೊಂಡಳು. ಮೊಳಕೈವರೆಗೆ ದಪ್ಪ ಕೈಗವಸು, ಮುಖಕ್ಕೆ ಕವಚ, ಕೈಯಲ್ಲಿ ಉದ್ದನೆಯ ಚಿಮಟ. ಗಂಟಿನ ಕೆಳಗೆ ಚೀಲವನ್ನು ಕತ್ತರಿಸಿದಳು. ತಪ್ಪಿಯೂ ಕೈ ಒಳಗೆ ಹಾಕದೆ, ಚಿಮಟದಿಂದ ಚೀಲದ ತಳ ಹಿಡಿದು ನಿಧಾನವಾಗಿ ತಟ್ಟೆಗೆ ಬೋರಲು ಹಾಕಿದಳು.

ಕಾಲೊಂದೇ ಬಿತ್ತು. ಸೂಜಿಯಿಲ್ಲ, ರಕ್ತವಿಲ್ಲ. ಪಾದಕ್ಕೆ ಬೂದು ಉಣ್ಣೆಯ ಕಾಲುಚೀಲ. ಅದರ ಮೇಲಿನ ಬೂಟಿಗೆ ಆಗಲೇ ಮದುವೆಯ ಪಾಲಿಶ್ ಆಗಿತ್ತು.

ಅವಳು ಕಾಲಿನ ಮೇಲೆ ಸೋಂಕುನಿವಾರಕ ಸುರಿದು ಗಡಿಯಾರ ನೋಡಿದಳು. ಕಣ್ಣೀರು ಧಾರೆಯಾಗಿ ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಆ ಕೈಗವಸಿನಲ್ಲಿ ಮುಖ ಮುಟ್ಟುವಂತಿಲ್ಲ, ಒರೆಸಿಕೊಳ್ಳುವಂತಿಲ್ಲ. ಹಾಗಾಗಿ ಮನಸಾರೆ ಅತ್ತಳು.

ಗಾಜಿನಾಚೆ ಅರ್ವೋ ಕಂಗಾಲಾಗಿ ಒಂಟಿ ಕಾಲಲ್ಲಿ ಎದ್ದುನಿಂತಿದ್ದ. "ಏನಾಯ್ತು ತಾಯಿ? ಮುರಿದುಹೋಯ್ತಾ?"

ಅವಳು ಕಾಲನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು.

"ಈ ಔಷಧೀಲಿ ಹತ್ತು ನಿಮಿಷ ಒದ್ದೆ ಇರ್ಬೇಕು," ಎಂದು ಒಳಗಿನಿಂದ ಕೂಗಿದಳು. "ಕೂತ್ಕೊಳ್ಳಿ, ಬೀಳ್ತೀರಿ!"

ಅವನು ಕೂರಲಿಲ್ಲ.