ಕೈ ಕಾಯುವ ಕಣ್ಣು

ಕೃಪಾ ಪೀಣ್ಯದ ಆ ಕಾರ್ಖಾನೆಗೆ ಕಾಲಿಟ್ಟಾಗ ಕುಂಕುಮ ಹಚ್ಚಿ ಒಡೆದ ಬೂದುಗುಂಬಳದ ಹೋಳುಗಳು ಇನ್ನೂ ನೆಲದ ಮೇಲೇ ಬಿದ್ದಿದ್ದವು. ಆಯುಧಪೂಜೆ ಮುಗಿದ ಮೇಲಿನ ಮೊದಲ ಪಾಳಿ ಅದು.

ವರ್ಷಗಟ್ಟಲೆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಹೇಳಿದವಳು ಅವಳು. ತಗಡು ಒತ್ತುವ ಪ್ರೆಸ್ಸಿನ ಬಾಯಿಗೆ ಕೈ ಹೋದರೆ ಕ್ಯಾಮೆರಾದಲ್ಲಿ ನೋಡಿ ಯಂತ್ರ ತಡೆಯುವ ಪ್ರೋಗ್ರಾಂ ಬರೆದು, ಅದನ್ನೇ ನೆಚ್ಚಿಕೊಂಡು ಈ ಕಂಪನಿ ಸೇರಿದ್ದಳು. 'ಪಿಎಚ್.ಡಿ. ಮಾಡಿ ಹಾಯಾಗಿರೋದು ಬಿಟ್ಟು ಇವಳಿಗ್ಯಾಕೆ ಗ್ರೀಸಿನ ಸಹವಾಸ' ಎಂದು ಜೊತೆಯವರು ನಕ್ಕಿದ್ದರು. ನಗಲಿ ಬಿಡಿ. ಪಕ್ಕದ ಬಾಗಲಗುಂಟೆಯಲ್ಲಿ, ಪ್ರೆಸ್ಸಿಗೆ ಸಿಕ್ಕಿ ಬೆರಳು ಕಳೆದುಕೊಂಡ ಕೈಗಳನ್ನು ನೋಡುತ್ತಲೇ ಬೆಳೆದವಳ ಸಂಕಟ ಅವರಿಗೇನು ಗೊತ್ತು?

"ಬನ್ನಿ ಮೇಡಂ!" ಪ್ರೆಸ್ ನಡೆಸುವ ಭದ್ರಮ್ಮ ಕರೆದಳು. ಹೊಸದಾಗಿ ಸೇರಿದ ಹೆಂಗಸರು ಅವಳ ಸುತ್ತ ನಿಂತಿದ್ದರು. "ನೋಡ್ರೇ, ಕೈ ಒಳಗಿಟ್ಟು ಪೆಡಲ್ ತುಳುದ್ರೂ ಮಿಷಿನ್ನು ಇಳಿಯಲ್ಲ. ನಮ್ ಮೇಡಂ ಮಾಡಿರೋದು. ಇರಿ, ತೋರಿಸ್ತೀನಿ." ಕಾಲು ಪೆಡಲ್ ಮೇಲಿತ್ತು. ಬಲಗೈ ಪ್ರೆಸ್ಸಿನ ಬಾಯೊಳಗೆ ಹೋಯಿತು.

ಕೃಪಾ ಹೆಮ್ಮೆಯಿಂದ ಕ್ಯಾಮೆರಾದತ್ತ ನೋಡಿದಳು. ಅದರ ಗಾಜಿನ ತುಂಬ ವಿಭೂತಿ, ನಡುವೆ ದಪ್ಪ ಕುಂಕುಮ.

ಅಯ್ಯೋ ದೇವರೇ! ಗಾಜು ಮುಚ್ಚಿಹೋದರೆ ಪ್ರೋಗ್ರಾಂಗೆ ಕೈ ಕಾಣುವುದಿಲ್ಲ. ಕಾಣದಿದ್ದರೆ ಕೈಯೇ ಇಲ್ಲ ಎಂದುಕೊಳ್ಳುತ್ತದೆ ಅದು. ಹಾಗೆ ಬರೆದವಳು ತಾನೇ. ಈಗ ಕೂಗಿದರೆ ಭದ್ರಮ್ಮ ಬೆಚ್ಚಿಬಿದ್ದು ಪೆಡಲ್ ಒತ್ತಿಬಿಡುತ್ತಾಳೆ, ಓಡಿದರೂ ಅಷ್ಟೇ. ಸುಳ್ಳೇ ನಗುತ್ತಾ ಮೆಲ್ಲಗೆ ಹೋಗಿ, ಪ್ರೆಸ್ಸಿನ ಪಕ್ಕದ ಕೆಂಪು ಗುಂಡಿ ಒತ್ತಿದಳು. ಯಂತ್ರ ನಿಂತಿತು.

"ಯಾಕ್ ಮೇಡಂ?"

ಕೃಪಾ ಭದ್ರಮ್ಮನನ್ನು ಆಚೆ ಸರಿಸಿ, ಒಂದು ಕೈಗವಸಿನೊಳಗೆ ಕುಂಬಳದ ಹೋಳು ತುರುಕಿ ಒಳಗಿಟ್ಟಳು. ಗುಂಡಿ ಬಿಡಿಸಿ ಪೆಡಲ್ ತುಳಿದಳು.

ಧಡ್!

ಕೈಗವಸಿನಿಂದ ಕೆಂಪು ನೀರು ಸೋರಿತು. ಹೆಂಗಸರು ಕಿಟಾರನೆ ಕಿರುಚಿದರು.

ಭದ್ರಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಲ್ಲೇ ಕುಸಿದು ಕೂತಳು. "ಕುಂಕುಮ ನಾನೇ ಇಟ್ಟಿದ್ದು ಮೇಡಂ. ನಮ್ ಕೈ ಕಾಯೋ ಕಣ್ಣು ಅದು. ಪೂಜೆ ಮಾಡ್ದೆ ಇರಕ್ಕಾಗುತ್ತಾ?" ಅವಳ ಕಣ್ಣು ಗೋಡೆಯತ್ತ ಹೊರಳಿತು. "ಪಕ್ಕದ ಶೆಡ್ಡಿನ ಮಿಷಿನ್‌ಗಳ ಕಣ್ಣಿಗೂ ಇಟ್ಬಂದೆ. ಒಂದನ್ನೂ ಬಿಡ್ಲಿಲ್ಲ."

ಗೋಡೆಯಾಚೆ ಒಂದು ಪ್ರೆಸ್ ಧಡ್ ಎಂದಿತು. ಅದರ ಹಿಂದೆಯೇ ಇನ್ನೊಂದು.

ಕೃಪಾ ಓಡಿದಳು, ಕೂಗನ್ನು ಹಲ್ಲಿನಲ್ಲೇ ಕಚ್ಚಿ ಹಿಡಿದುಕೊಂಡು.