ಕುಂಚದಲ್ಲಿ ಬರೆದ ಕಣ್ಣು

ಸವಣೂರಿನ ಫೋಟೋಗ್ರಾಫರ್ ಮೈಲಾರಲಿಂಗಪ್ಪ ದೊಡ್ಡವರ ತಂಟೆಗೆ ಹೋದವನಲ್ಲ. ಅವರು ಕೂರು ಎಂದರೆ ಕೂರುತ್ತಾರೆ, ಅದರಲ್ಲೇನು ಕಸುಬು? ಅವನದೇನಿದ್ದರೂ ಮಕ್ಕಳು; ಅದೂ ಹಿರೇಕೆರೂರಿನಿಂದ ಶಿಗ್ಗಾಂವಿಯವರೆಗಿನ ಸಾಹುಕಾರರ ಮಕ್ಕಳು. ಜವಳದ ಮುನ್ನಾದಿನ, ಅಂದರೆ ಮೊದಲ ಕೂದಲು ತೆಗೆಸುವ ಮುಂಚೆ, ಕೂಸಿಗೆ ಜಡೆ ಹೆಣೆದು ಹೂ ಮುಡಿಸಿ ಅವನ ಕ್ಯಾಮೆರಾದ ಮುಂದೆ ಕೂರಿಸದ ಶ್ರೀಮಂತರ ಮನೆಯೇ ಆ ಸೀಮೆಯಲ್ಲಿರಲಿಲ್ಲ.

೧೯೫೮ರಲ್ಲಿ ಹಾನಗಲ್ಲಿನ ಅಕ್ಕಿ ವ್ಯಾಪಾರಿ ಶಂಕ್ರಪ್ಪನ ಮಗನನ್ನೂ ಹಾಗೇ ತಂದರು. ಕ್ಯಾಮೆರಾ ಚಿಟಕ್ ಎಂದಾಗಲೇ ಕೂಸು ಕಣ್ಣು ಮುಚ್ಚಿತು. ಗೊತ್ತಾದದ್ದು ಪ್ಲೇಟು ತೊಳೆದ ಮೇಲೆ. ಅಷ್ಟರಲ್ಲಿ ಅತ್ತ ತಲೆ ನುಣ್ಣಗಾಗಿತ್ತು. ಜಡೆ ಮತ್ತೆಲ್ಲಿಂದ ತರುವುದು? ಮೈಲಾರಲಿಂಗಪ್ಪ ಯಾರಿಗೂ ಹೇಳದೆ, ಸಣ್ಣ ಕುಂಚ ಹಿಡಿದು ಫೋಟೋದ ಮೇಲೆ ಎರಡು ಕಣ್ಣು ಬರೆದ. ಜೀವಕಳೆ ಇರಲೆಂದು ಕಣ್ಣುಗುಡ್ಡೆಗಳಲ್ಲಿ ತನ್ನ ಸ್ಟುಡಿಯೋದ ಕಿಟಕಿಯ ಬೆಳಕನ್ನೂ, ನಾಲ್ಕು ಸರಳುಗಳ ಸಮೇತ, ಕೂರಿಸಿದ.

ಫೋಟೋ ಗೋಡೆಗೇರಿದ ನಾಲ್ಕನೆಯ ದಿನ ಶಂಕ್ರಪ್ಪ ಬಸ್ಸಿಳಿದು ನೇರ ಒಳಬಂದ.

“ಕೂಸು ಕಣ್ಣ ಮುಚ್ಚವಲ್ದರಿ.”

“ಹಸಿವಿ ಆಗಿರಬೇಕ್ರಿ.”

“ಹಾಲು ಕುಡೀತೈತಿ. ನಿದ್ದಿ ಇಲ್ಲ, ಅಳೂದೂ ಇಲ್ಲ. ಸುಮ್ನ ನೋಡ್ತೈತಿ. ಹಿಂಗ ಇನ್ನೆರಡು ದಿನ ಹೋದ್ರ ಉಳಿಯೂದಿಲ್ಲ ಅಂದಾರ ಡಾಕ್ಟರು. ನಮ್ಮವ್ವ ನಿಮ್ಮನ್ನ ಕರ್ಕೊಂಡ್ ಬಾ ಅಂದ್ಲು.”

“ನನ್ನ ಯಾಕ್ರೀ?”

“ಬಂದು ನೋಡ್ರಿ. ತಿಳೀತೈತಿ.”

ಹಾನಗಲ್ಲಿನ ಮನೆಯ ನಡುಕೋಣೆ ಮಟಮಟ ಮಧ್ಯಾಹ್ನವೂ ಕತ್ತಲು. ಅಜ್ಜಿ ಶೇಖವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಮೈಲಾರಲಿಂಗಪ್ಪ ಬಗ್ಗಿದ. ಕೂಸಿನ ಒಂದೊಂದು ಕಣ್ಣಲ್ಲೂ ಒಂದೊಂದು ಕಿಟಕಿ ಹೊಳೆಯುತ್ತಿತ್ತು. ನಾಲ್ಕು ಸರಳು, ಲೆಕ್ಕ ತಪ್ಪಿರಲಿಲ್ಲ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

“ಯಾರ ಕಿಡಕಿ ಇದು, ಫೋಟೋದಪ್ಪಾ?” ಎಂದಳು ಶೇಖವ್ವ.

ಇಪ್ಪತ್ತು ವರ್ಷ ಗಳಿಸಿದ ಹೆಸರು ಹೋದರೆ ಹೋಗಲಿ ಎಂದು ಅವನು ಒಪ್ಪಿಕೊಂಡ. “ನಂದರಿ. ಕಣ್ಣೂ ನಾನ ಬರದದ್ದು.”

“ಹಂಗಾರ ನೀನ ತಗಿ.”

ಅವನು ಗೋಡೆಯ ಫೋಟೋ ಇಳಿಸಿ, ಗಾಜು ಬಿಚ್ಚಿ, ಹತ್ತಿ ಒದ್ದೆ ಮಾಡಿ ಎಡಗಣ್ಣು ಒರೆಸಿದ. ಬಣ್ಣದಡಿಯಿಂದ ಮುಚ್ಚಿದ ರೆಪ್ಪೆ ಮೂಡಿತು. ತೊಡೆಯ ಮೇಲಿನ ಕೂಸಿನ ಎಡರೆಪ್ಪೆಯೂ ಅಂಗಡಿ ಬಾಗಿಲಿನಂತೆ ಬಿತ್ತು.

“ಇನ್ನೊಂದ್ರೀ! ಲಗೂನ!” ತಾಯಿ ವೀರವ್ವ ಕೂಗಿದಳು.

ಬಲಗಣ್ಣನ್ನೂ ಒರೆಸಿದ. ಕೂಸು ಊಟವಾದ ಗೌಡರ ಹಾಗೆ ಗೊರಕೆ ಹೊಡೆಯತೊಡಗಿತು. ವೀರವ್ವ ಗೋಡೆಗೊರಗಿ ಅತ್ತಳು.

ಹತ್ತಿ ಎಸೆಯಲೆಂದು ಬಾಗಿಲಿಗೆ ಹೋದ ಮೈಲಾರಲಿಂಗಪ್ಪ ಅಲ್ಲೇ ನಿಂತ. ಅಂಗೈಯ ಹತ್ತಿ, ರೆಪ್ಪೆ ಬಡಿಯದೆ, ಅವನನ್ನೇ ನೋಡುತ್ತಿತ್ತು.

ಶೇಖವ್ವ ಕೈಚಾಚಿ ಇಸಿದುಕೊಂಡಳು. ಇನ್ನೊಂದು ತೊಡೆಯ ಮೇಲಿಟ್ಟು, ಸೆರಗು ಹೊದಿಸಿ, ಮೆಲ್ಲಗೆ ತಟ್ಟತೊಡಗಿದಳು.

“ಸಪ್ಪಳ ಮಾಡಬ್ಯಾಡ್ರಿ,” ಎಂದಳು. “ಇದೂ ನಾಕ್ ದಿನದಿಂದ ಮಲಗಿಲ್ಲ.”